ಬಸುರಿಗೆ ನಾಯಿ ಕಚ್ಚಿದರೆ ಊರಿಗೆಲ್ಲ ಬಾಯಿ

ನಾಯಿ ಕಚ್ಚಿದ್ದು ಮಂಗಳವಾರ ಬೆಳಿಗ್ಗೆ. ಸೂಜಿ ಮಾಡಿಸಿಕೊಂಡಿದ್ದು ಗುರುವಾರ ಮಧ್ಯಾಹ್ನ. ನಡುವಿನ ಎರಡು ದಿನ ಏನು ಮಾಡುತ್ತಿದ್ದೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಕೇಳಿಸಿಕೊಳ್ಳುತ್ತಿದ್ದೆ. ಊರು ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಇದರಲ್ಲಿ ನಾಚಿಕೆಯ ಸಂಗತಿಯೊಂದಿದೆ, ಮುಚ್ಚಿಡುವುದಿಲ್ಲ. ನಾನು ಅಂಗನವಾಡಿ ಟೀಚರ್. ಶಹಾಪುರ ತಾಲೂಕಿನ ನಮ್ಮ ಊರಿನಲ್ಲಿ ಹನ್ನೊಂದು ವರ್ಷದಿಂದ "ಕೂಸಿಗೆ ಸೂಜಿ ಮಾಡಿಸ್ರಿ, ಏನೂ ಆಗಂಗಿಲ್ಲ" ಎಂದು ಮನೆಮನೆಗೆ ಹೇಳಿಕೊಂಡು ಬಂದವಳು. ಸೂಜಿಯ ದಿನ ಬಂತೆಂದರೆ ಕೌದಿಯ ಹಿಂದೆ ಅಡಗಿಸಿಟ್ಟ ಕೂಸುಗಳನ್ನೂ ಹುಡುಕಿ ತೆಗೆಯುತ್ತೇನೆಂದು ಹೆಸರಾದವಳು. ಅಂಥವಳು ನನ್ನ ಸರದಿ ಬಂದಾಗ ದವಾಖಾನೆಯ ಬಾಗಿಲಿನಿಂದ ಎದ್ದು ಬಂದೆ.

ಆಗ ನನಗೆ ಐದು ತಿಂಗಳು ತುಂಬಿತ್ತು. ಆರು ವರ್ಷದ ಹಿಂದೆ ಒಂದು ಬಸುರು ಮೂರನೇ ತಿಂಗಳಲ್ಲಿ ಹೋಗಿತ್ತು. ಆಗ ಜ್ವರ ಬಂದಿತ್ತೆಂದು ಒಂದು ಸೂಜಿ ಮಾಡಿಸಿಕೊಂಡಿದ್ದೆ. ಎರಡು ದಿನಕ್ಕೆ ಹೊಟ್ಟೆನೋವು ಶುರುವಾಗಿ ಎಲ್ಲ ಮುಗಿಯಿತು. ಜ್ವರದಿಂದ ಹೋಯಿತೋ, ಸೂಜಿಯಿಂದಲೋ, ಯಾವುದರಿಂದಲೂ ಅಲ್ಲದೆ ಸುಮ್ಮನೆ ಹೋಯಿತೋ, ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ನಮ್ಮ ಅತ್ತೆ ನಾಗಮ್ಮ ಮಾತ್ರ ಅಂದೇ ತೀರ್ಮಾನ ಮಾಡಿಬಿಟ್ಟಿದ್ದರು: ಸೂಜಿಯಿಂದ. ಆರು ವರ್ಷದಲ್ಲಿ ಆ ತೀರ್ಮಾನ ಮನೆಯ ಕಂಬದ ಹಾಗೆ ಗಟ್ಟಿಯಾಗಿ ನಿಂತಿತ್ತು.

ಮಂಗಳವಾರ ಅಂಗನವಾಡಿಗೆ ತತ್ತಿಯ ಟ್ರೇ ಹಿಡಿದುಕೊಂಡು ಹೊರಟಿದ್ದೆ. ಪಕ್ಕದ ಮನೆ ಶರಣಪ್ಪನ ನಾಯಿ ಟೈಗರ್ ಅವರ ಕಟ್ಟೆಯ ಕೆಳಗೆ ಮಲಗಿತ್ತು. ದಿನಾ ನನ್ನ ಹಿಂದೆ ಬಂದು ಮಕ್ಕಳು ಬಿಟ್ಟ ಅನ್ನ ತಿನ್ನುವ ನಾಯಿ ಅದು. ಅವತ್ತು ಬೊಗಳಲೂ ಇಲ್ಲ. ಎದ್ದು ಬಂದು ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ತತ್ತಿಯೆಲ್ಲ ರಸ್ತೆಗೆ. ನಾನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದೆ. ಹಲ್ಲು ಎರಡು ಕಡೆ ಆಳಕ್ಕೆ ಇಳಿದಿತ್ತು.

ಮೊದಲು ಓಡಿ ಬಂದವರು ಅತ್ತೆ. ಕೈಯಲ್ಲಿ ಖಾರಪುಡಿ, ಸುಣ್ಣ. ನಾನು ಬೇಡ ಬೇಡ ಎನ್ನುವುದರೊಳಗೆ ಗಾಯಕ್ಕೆ ಒತ್ತಿಯೇಬಿಟ್ಟರು. ಕಣ್ಣಿಗೆ ಕತ್ತಲೆ ಬಂತು.

"ಉರದಷ್ಟೂ ವಿಷ ಸುಡತದ, ತಡಕೋ," ಎಂದರು ಅತ್ತೆ.

ಅಷ್ಟರಲ್ಲಿ ಫಾತಿಮಾ ಬಂದಳು. ಅವಳು ನಮ್ಮ ಊರಿನ ಆಶಾ ಕಾರ್ಯಕರ್ತೆ. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಜಗಳಾಡಿದಷ್ಟೇ ಊಟವನ್ನೂ ಹಂಚಿಕೊಂಡವರು. ಗಾಯ ನೋಡಿ ತಲೆ ಚಚ್ಚಿಕೊಂಡಳು.

"ಯಾ ಅಲ್ಲಾ! ಇದೇನು ಕಾಲೋ, ಉಪ್ಪಿನಕಾಯೋ? ಏಳ, ನಳದ ಕಡಿ ನಡಿ."

ನಳದ ಕೆಳಗೆ ಕಾಲು ಹಿಡಿಸಿ, ಸಬಕಾರ ಹಚ್ಚಿ ತೊಳೆದಳು, ಮತ್ತೆ ಹಚ್ಚಿ ಮತ್ತೆ ತೊಳೆದಳು. ನೀರಿಗೆ ನಿಂತಿದ್ದ ಹೆಂಗಸರು ಕೊಡ ಇಟ್ಟುಕೊಂಡು ಗೊಣಗುತ್ತಿದ್ದರು. "ನೀರು ಹೋದ್ರ ಹೋಗ್ಲಿ, ಇಕಿ ಹೋಗಬಾರದು," ಎಂದು ಫಾತಿಮಾ ಅವರ ಬಾಯಿ ಮುಚ್ಚಿಸಿದಳು. ಆ ಎರಡು ದಿನಗಳಲ್ಲಿ ನನಗೆ ಸಿಕ್ಕ ಚಿಕಿತ್ಸೆ ಎಂದರೆ ಅದೊಂದೇ. ಅದನ್ನೂ ಜಗಳಾಡಿ ಕೊಟ್ಟಳು.

ಆರೋಗ್ಯ ಕೇಂದ್ರ ಹತ್ತಿರವೇ ಇದೆ. ನಾನು, ಅತ್ತೆ, ಫಾತಿಮಾ ಆಟೋದಲ್ಲಿ ಹೋದೆವು. ಸಿಸ್ಟರ್ ಗಾಯ ನೋಡಿ, "ಟೀಚರ್, ಇವತ್ತೇ ಶುರು ಮಾಡಬೇಕ್ರಿ. ಮೊದಲನೇದು ಇಲ್ಲೇ ಮಾಡತೀನಿ, ಆಮೇಲೆ ದೊಡ್ಡ ದವಾಖಾನಿಗೆ ಹೋಗ್ರಿ," ಎಂದರು.

ಅತ್ತೆ ನನ್ನ ಕೈ ಹಿಡಿದುಕೊಂಡರು. ಹಿಡಿತದಲ್ಲಿ ನಡುಕವಿತ್ತು. ಸಿಸ್ಟರಿಗೆ ಹೇಳಿದರು: "ಬಾಯವ್ವ, ಹೊಟ್ಯಾಗ ಕೂಸದ. ಒಮ್ಮೆ ಕಳಕೊಂಡೀವಿ. ಸೂಜಿ ಬ್ಯಾಡ."

"ಬಸುರಿಗೂ ಮಾಡಬೇಕ್ರಿ ಇದನ್ನ," ಎಂದರು ಸಿಸ್ಟರ್.

"ಅವಾಗೂ ಹಿಂಗ ಅಂದಿದ್ರು."

ಸಿಸ್ಟರ್ ನನ್ನ ಮುಖ ನೋಡಿದರು. ಫಾತಿಮಾಳೂ ನೋಡಿದಳು. ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತೆಲ್ಲ ನನಗೆ ಬಾಯಿಪಾಠ. ಎಷ್ಟು ಹೊಸ್ತಿಲ ಮೇಲೆ ಕೂತು ಎಷ್ಟು ಅತ್ತೆಯಂದಿರಿಗೆ ಹೇಳಿಲ್ಲ! ಆದರೆ ಆ ಗಳಿಗೆಯಲ್ಲಿ ಒಳಗೆ ಕೂಸು ಮೀನಿನ ಹಾಗೆ ಒಮ್ಮೆ ಹೊರಳಿತು. ನನ್ನ ಬಾಯಿಂದ ಬಂದದ್ದು ಇಷ್ಟು: "ನಾಳೆ ಬರತೀನ್ರಿ ಸಿಸ್ಟರ್."

ಧನುರ್ವಾಯುವಿನ ಸೂಜಿಯನ್ನೂ ಮಾಡಿಸಿಕೊಳ್ಳಲಿಲ್ಲ. ಆಟೋ ಇಳಿಯುವಾಗ ಫಾತಿಮಾ, "ನೀ ನಾಳೆ ಬರತೀನಿ ಅಂದೀಯಲ್ಲ, ನಮಗ ನಾಳೆ ಬರತೀನಿ ಅಂದವರು ಯಾರರ ಬಂದಾರೇನು?" ಎಂದು ಕೇಳಿ ತನ್ನ ಮನೆಯ ಕಡೆ ಹೊರಟುಹೋದಳು.

ಬಸುರಿಯರಿಗೆ ಯಾರು ಬೇಕಾದರೂ ಬುದ್ಧಿ ಹೇಳಬಹುದು ಎಂಬುದು ಗೊತ್ತಿದ್ದದ್ದೇ. ನಾಯಿ ಕಚ್ಚಿದವರಿಗೂ ಹಾಗೆಯೇ. ಎರಡೂ ಒಬ್ಬಳೇ ಆದರೆ ಮನೆಯಲ್ಲಿ ಕೂರಲು ಜಾಗ ಇರುವುದಿಲ್ಲ. ಅವತ್ತು ಮಧ್ಯಾಹ್ನದಿಂದ ನಮ್ಮ ಪಡಸಾಲೆ ತುಂಬಿತು. ಒಬ್ಬಾಕೆ ಬಾವಿಯಲ್ಲಿ ಮುಖ ನೋಡಬೇಡ, ನಾಯಿಮುಖ ಕಾಣುತ್ತದೆ ಎಂದಳು. ನಮ್ಮ ಮನೆಗೆ ಬಾವಿಯೇ ಇಲ್ಲ. ಇನ್ನೊಬ್ಬಾಕೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆ, ಕೂಸಿನ ತಲೆಗೇ ತಾಗುತ್ತದೆ ಎಂದಳು. ಈಗ ರಟ್ಟೆಗೆ ಮಾಡುತ್ತಾರೆ ಎಂದರೆ, "ನಿಂಗೇನ್ ಗೊತ್ತು?" ಎಂದು ನನಗೇ ಕೇಳಿದಳು. ಬದನೆಕಾಯಿ ತಿನ್ನಬೇಡ, ಕುಂಬಳಕಾಯಿ ತಿನ್ನಬೇಡ, ಮಾಂಸ ಮುಟ್ಟಬೇಡ. ಎಲ್ಲ ಕೇಳಿದ ಮೇಲೆ ತಿನ್ನಲು ಉಳಿದದ್ದು ರೊಟ್ಟಿ ಒಂದೇ. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ ನನ್ನ ಹೊಟ್ಟೆ ನೋಡುತ್ತ ನಿಧಾನಕ್ಕೆ ಹೇಳಿದಳು: "ನಾಯಿ ಕಡದ ಬಸುರಿ ಹೊಟ್ಯಾಗ ನಾಯಿಮರಿ ಬೆಳಿತಾವಂತ. ನಮ್ಮವ್ವ ಹೇಳತಿದ್ದಳು."

ನಾನು ಎದ್ದು ಒಳಗೆ ಹೋದೆ. ಅಲ್ಲಿ ಫೋನು. ನಾರಾಯಣಪುರದಲ್ಲಿರುವ ನಮ್ಮಕ್ಕ ಒಂದು ವಿಡಿಯೋ ಕಳಿಸಿದ್ದಳು. ಯಾರೋ ಒಬ್ಬ ಕಾರಿನಲ್ಲಿ ಕೂತುಕೊಂಡು, ಬಸುರಿಯರು ಯಾವ ಸೂಜಿಯನ್ನೂ ಮಾಡಿಸಿಕೊಳ್ಳಬಾರದು, ಇದನ್ನು ಡಾಕ್ಟರುಗಳು ಮುಚ್ಚಿಡುತ್ತಾರೆ ಎಂದು ಬಡಬಡಿಸುತ್ತಿದ್ದ. ಕೆಳಗೆ ಅಕ್ಕನ ಸಂದೇಶ: "ನೋಡಿ ಧೈರ್ಯ ತಂದ್ಕೊ." ಇದನ್ನು ನೋಡಿ ಹೇಗೆ ಧೈರ್ಯ ತಂದುಕೊಳ್ಳುವುದು ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ನಮ್ಮ ಮನೆಯವರು ಮಲ್ಲಪ್ಪ, ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಾಲುವೆ ಗೇಟಿನ ಕೆಲಸ. ಸಂಜೆ ಬಂದರು. ಕಾಲು ನೋಡಿ ಮುಖ ಬಿಳಿಚಿಕೊಂಡಿತು.

"ಏನ್ ಮಾಡೂಣ್ರಿ?" ಎಂದೆ.

"ನೀ ಹೆಂಗಂತಿ ಹಂಗ," ಎಂದರು.

ಒಳಗಿನಿಂದ ಅತ್ತೆ ಕೂಗಿದರು: "ಸೂಜಿ ಗೀಜಿ ಬ್ಯಾಡ ಮಲ್ಲೂ!"

"ನೀ ಹೆಂಗಂತಿ ಹಂಗ ಯವ್ವ," ಎಂದರು ಅದೇ ದನಿಯಲ್ಲಿ.

ನನಗೆ ನಾಯಿಗಿಂತ ಗಂಡನ ಮೇಲೆ ಹೆಚ್ಚು ಸಿಟ್ಟು ಬಂತು. ನಾಯಿ ಒಂದು ಕಡೆಯಾದರೂ ಹಿಡಿದಿತ್ತು.

ಬುಧವಾರ ಮಾವ ಬೀರಪ್ಪ ಕುರಿ ಬಿಡುವ ಮೊದಲು ನನ್ನ ಹತ್ತಿರ ಬಂದು ಕೂತರು. ಮಾವನಿಗೆ ಮಾತು ಕಡಿಮೆ. ಅರವತ್ತು ಎಪ್ಪತ್ತು ಕುರಿಗಳ ನಡುವೆ ಜೀವ ತೇದ ಮನುಷ್ಯ. ಪ್ರತಿ ವರ್ಷ ಪಶು ಡಾಕ್ಟರ್ ಬಂದ ದಿನ ಒಂದು ಕುರಿಯೂ ತಪ್ಪದಂತೆ ಹಿಡಿದು ಸೂಜಿ ಹಾಕಿಸುವವರು. ಅವರಾದರೂ ನನ್ನ ಕಡೆ ಆಗುತ್ತಾರೆಂದು ಆಸೆಯಿತ್ತು.

"ಕುರಿಗೆ ವರ್ಷಾ ವರ್ಷಾ ಹಾಕಸ್ತೀರಲ್ಲ ಮಾವ. ನಂಗ್ಯಾಕ ಬ್ಯಾಡ ಅಂತಾರ ಅತ್ತಿ?"

ಮಾವ ಕಂಬಳಿಯ ನೂಲು ಎಳೆಯುತ್ತ ಕೂತಿದ್ದರು. "ಒಂದ್ ವರ್ಷ ಗಬ್ಬದ ಕುರಿಗೂ ಹಾಕಿಸಿದ್ದೆ. ಮೂರು ಕುರಿ ದಿನ ತುಂಬೂದರಾಗ ಕಂದ ಹಾಕಿದ್ವು. ಅವಾಗಿಂದ ಗಬ್ಬ ಇದ್ದುವನ್ನ ಬಿಟ್ಟು ಹಾಕಸ್ತೀನಿ," ಎಂದರು. ಎದ್ದು ಕುರಿ ಬಿಟ್ಟುಕೊಂಡು ಹೋದರು.

ಸಮಾಧಾನ ಹೇಳಲು ಬಂದವರೆಲ್ಲ ಹೀಗೆ ಒಂದೊಂದು ಕಲ್ಲು ಇಟ್ಟು ಹೋಗುತ್ತಿದ್ದರು. ಆದರೂ ಮಾವನ ಮಾತು ಉಳಿದವರ ಹಾಗೆ ಬಾವಿ, ಬದನೆಕಾಯಿಯ ಮಾತಲ್ಲ. ಕಣ್ಣಾರೆ ಕಂಡದ್ದನ್ನು ಹೇಳಿದ್ದರು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಓಣಿಯ ತುದಿಯಲ್ಲಿ ಬೋರ್ಡಿಲ್ಲದೆ ಗುಳಿಗೆ ಕೊಡುವ ಒಬ್ಬರಿದ್ದಾರೆ. ಅತ್ತೆ ಅವರನ್ನೂ ಕರೆತಂದರು. ಅವರು ದೂರದಿಂದಲೇ ಕಾಲು ನೋಡಿ, "ಹತ್ತು ದಿನ ನಾಯಿ ನೋಡ್ರಿ. ನಾಯಿಗೆ ಏನೂ ಆಗಲಿಲ್ಲಂದ್ರ ನಿಮಗೂ ಏನೂ ಆಗಂಗಿಲ್ಲ," ಎಂದರು. ನಾಯಿಗೆ ಏನಾದರೂ ಆದರೆ? ಅದನ್ನು ಕೇಳಿದ್ದಕ್ಕೆ, "ಅವಾಗ ನೋಡೂಣು," ಎಂದು ಚಹಾ ಕುಡಿದು ಹೋದರು.

ನಾಯಿಯನ್ನಾದರೂ ನೋಡೋಣವೆಂದು ಶರಣಪ್ಪನ ಮನೆಗೆ ಹೋದೆ. ಅವನ ಹೆಂಡತಿ ಲಕ್ಷ್ಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಟೈಗರ್ ಎಲ್ಲ್ಯದ?"

"ಹೊಲದಾಗ ಕಟ್ಟೀವ್ರಿ ಟೀಚರ್. ರೊಟ್ಟಿ ತಿನ್ನಾಕತ್ತದ, ಆರಾಮ ಅದ. ನೀವು ತತ್ತಿ ಹಿಡಕೊಂಡ್ ಹೋಗಾಕತ್ತಿದ್ರಿ, ವಾಸನಿಗಿ ಬಂದದ, ಅಷ್ಟ."

ಕಚ್ಚಿಸಿಕೊಂಡ ತಪ್ಪು ನನ್ನದು ಎಂಬ ಹಾಗಿತ್ತು ಮಾತು. ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಮಾಧಾನವಾಯಿತು. ರೊಟ್ಟಿ ತಿನ್ನುತ್ತಿದೆಯಂತೆ. ಹೆದರಿದ ಮನಸ್ಸಿಗೆ ಯಾರು ಹೇಳಿದರು ಎನ್ನುವುದು ಮುಖ್ಯವಲ್ಲ, ಏನು ಹೇಳಿದರು ಎನ್ನುವುದೇ ಮುಖ್ಯ.

ಗುರುವಾರ ನಮ್ಮ ಅಂಗನವಾಡಿಯಲ್ಲಿ ಸೂಜಿಯ ದಿನ. ಕುಂಟುತ್ತ ಹೋದೆ. ಸಿಸ್ಟರ್ ಡಬ್ಬಿ ತೆರೆದು ಕೂತರು. ಫಾತಿಮಾ ಮನೆಮನೆಗೆ ಹೋಗಿ ತಾಯಂದಿರನ್ನು ಕರೆತಂದಳು. ನನ್ನ ಕೆಲಸ ಹೆಸರು ಬರೆಯುವುದು, ಅಳುವವರನ್ನು ಸಮಾಧಾನ ಮಾಡುವುದು. ನಾಲ್ಕನೆಯವಳಾಗಿ ದೇವಮ್ಮ ಬಂದಳು. ಇಪ್ಪತ್ತರ ಹುಡುಗಿ, ಮೊದಲ ಕೂಸು. ಕೂಸಿಗೆ ಎರಡೂವರೆ ತಿಂಗಳು. ಇಲ್ಲಿಯವರೆಗೆ ಕರೆತರಲು ನಾನೇ ಮೂರು ಸಲ ಅವಳ ಮನೆಗೆ ಹೋಗಿದ್ದೆ.

"ಟೀಚರ್, ಇದರಿಂದ ಕೂಸಿಗೆ ಏನೂ ಆಗಂಗಿಲ್ಲಲ್ರಿ?"

ಏನೂ ಆಗಂಗಿಲ್ಲ. ಎರಡೇ ಶಬ್ದ. ಬಾಯಿ ತೆರೆದೆ, ಹೊರಗೆ ಬರಲಿಲ್ಲ.

ದೇವಮ್ಮ ನನ್ನ ಕಾಲಿಗೆ ಸುತ್ತಿದ್ದ ಬಟ್ಟೆ ನೋಡಿದಳು. "ನೀವೇ ನಾಯಿ ಕಡಿಸ್ಕೊಂಡು ಸೂಜಿ ಬ್ಯಾಡ ಅಂದು ಬಂದೀರಂತ. ಮತ್ತ ನನ್ನ ಕೂಸಿಗ್ಯಾಕ್ರಿ?" ಎಂದಳು. ಜಗಳದ ದನಿಯಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ನಾನು ಉತ್ತರ ಕೊಡಲಿಲ್ಲವಾದ್ದರಿಂದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಅವಳ ಹಿಂದೆ ಕೂತಿದ್ದ ಇಬ್ಬರೂ ಎದ್ದರು.

ಫಾತಿಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಚಾಪೆ ಸುತ್ತುತ್ತ, "ಹನ್ನೊಂದು ವರ್ಷ," ಎಂದಳು. ಅಷ್ಟೇ.

ನನಗೆ ಒಮ್ಮೆಲೇ ತಲೆ ಕೆಟ್ಟುಹೋಯಿತು. ಆ ಮುದುಕಿಯ ಮೇಲೆ, ಅಕ್ಕನ ವಿಡಿಯೋದ ಮೇಲೆ, ಎರಡೂ ಕಡೆ ಹೂಂ ಎನ್ನುವ ಗಂಡನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ಸಿಟ್ಟು. ಎರಡು ದಿನದಲ್ಲಿ ಇಷ್ಟೊಂದು ಜನರನ್ನು ಕೇಳಿದ್ದೆ. ಉತ್ತರ ಗೊತ್ತಿದ್ದವರನ್ನು ಮಾತ್ರ ಕೇಳಿರಲಿಲ್ಲ. ಕೇಳಿದರೆ ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆ. ಸಿಸ್ಟರ್ ಡಬ್ಬಿ ಮುಚ್ಚುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿದ್ದೆ.

"ಫಾತಿಮಾ, ಶಹಾಪುರಕ್ಕ ನಡಿ. ಮನಿಗೆ ಹೇಳಬ್ಯಾಡ."

ಬಸ್ಸಿನಲ್ಲಿ ಕೂತು ಗಂಡನಿಗೆ ಫೋನು ಮಾಡಿದೆ. "ನಾ ದವಾಖಾನಿಗೆ ಹೊಂಟೀನಿ. ನಾ ಹೆಂಗಂತೀನಿ ಹಂಗ ಅಂದೀರಲ್ಲ? ಇದು ನಾ ಅಂದಿದ್ದು. ಬರ್ರಿ." ಉತ್ತರಕ್ಕೆ ಕಾಯದೆ ಇಟ್ಟೆ.

ದವಾಖಾನೆಯಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಇನ್ನೊಂದು. ಬೆಂಚಿನ ಮೇಲೆ ಕೂತ ಹೆಂಗಸೊಬ್ಬಳು ನನ್ನ ಹೊಟ್ಟೆ, ಕಾಲು ಎರಡನ್ನೂ ನೋಡಿ, "ನಾಯಿ ಕಡದದೇನವ್ವ? ಬಸುರಿದ್ದಾಗ ಸೂಜಿ..." ಎಂದು ಶುರು ಮಾಡಿದಳು. ಫಾತಿಮಾ ಅವಳ ಕಡೆ ತಿರುಗಿ, "ಅಕ್ಕಾ, ನಿಮ್ಮ ಚೀಟಿ ನಂಬರ್ ಎಷ್ಟು? ಅದರ ಕಡಿ ಲಕ್ಷ್ಯ ಕೊಡ್ರಿ," ಎಂದಳು. ಆಮೇಲೆ ಯಾರೂ ನಮ್ಮ ತಂಟೆಗೆ ಬರಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ಬೆಳಗಿನಿಂದ ಕೂತು ದಣಿದಿದ್ದರು. ಮಂಗಳವಾರದ ಕಡಿತ ಎಂದಾಗ ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ಎರಡು ದಿನ ಯಾಕೆ ತಡ ಆಯ್ತು?"

ಎಲ್ಲ ಹೇಳಿದೆ. ಆರು ವರ್ಷದ ಹಿಂದಿನದನ್ನೂ. ಹೇಳುತ್ತ ಹೇಳುತ್ತ ದನಿ ಏರಿತು. "ಮೇಡಮ್, ಎಲ್ಲಾರೂ ಏನೇನೋ ಹೇಳಾಕತ್ತಾರ್ರಿ. ನಾ ಒಂದೇ ಮಾತು ಕೇಳತೀನಿ. ಇದರಿಂದ ನನ್ನ ಕೂಸು ಸಾಯತದೋ ಇಲ್ಲೋ?"

ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. "ಮೊದಲನೇ ಮಗು ಯಾಕೆ ಹೋಯ್ತು ಅಂತ ನಾನು ಈಗ ಹೇಳೋಕಾಗಲ್ಲಮ್ಮ. ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ. ಜೋರು ಜ್ವರದಿಂದಲೂ ಹೋಗುತ್ತೆ, ಕಾರಣ ಇಲ್ಲದೇನೂ ಹೋಗುತ್ತೆ. ಆದರೆ ಈ ಲಸಿಕೆ ಬೇರೆ. ನಾಯಿ ಕಚ್ಚಿದ ಗರ್ಭಿಣಿಯರಿಗೆ ಎಷ್ಟೋ ವರ್ಷದಿಂದ ಕೊಡ್ತಾ ಇದ್ದಾರೆ. ನಾನೂ ಕೊಟ್ಟಿದ್ದೀನಿ. ಇದರಿಂದ ಮಗುವಿಗೆ ತೊಂದರೆ ಆಗುತ್ತೆ ಅಂತ ಎಲ್ಲೂ ಕಂಡುಬಂದಿಲ್ಲ. ಕೈ ನೋಯಬಹುದು, ಮೈ ಬೆಚ್ಚಗಾಗಬಹುದು. ಹುಚ್ಚುನಾಯಿ ರೋಗ ಬಂದರೆ ಮಾತ್ರ ನೀವೂ ಉಳಿಯಲ್ಲ, ಮಗೂನೂ ಉಳಿಯಲ್ಲ. ಅದಕ್ಕೆ ನಮ್ಮ ಹತ್ತಿರ ಏನೂ ಇಲ್ಲ."

ಎರಡು ದಿನದಲ್ಲಿ "ಗೊತ್ತಿಲ್ಲ" ಎಂದ ಮೊದಲ ಮನುಷ್ಯರು ಅವರು. ಬಾವಿಯ ವಿಷಯ, ಬದನೆಕಾಯಿಯ ವಿಷಯ ಹೇಳಿದವರಿಗೆಲ್ಲ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲ ಎಂದದ್ದಕ್ಕೇ ಉಳಿದದ್ದನ್ನು ನಂಬಿದೆ.

"ನಾಯಿ ಆರಾಮ ಅದ ಅಂತಾರ್ರಿ," ಎಂದೆ, ಕೊನೆಯದಾಗಿ.

"ನೀವು ಕಣ್ಣಾರೆ ನೋಡಿದ್ದೀರಾ?"

ನೋಡಿರಲಿಲ್ಲ. ಕುಪ್ಪಸದ ತೋಳು ಮೇಲೆತ್ತಿದೆ. ಎರಡೂ ರಟ್ಟೆಗೆ ಒಂದೊಂದು. ಇರುವೆ ಕಡಿದಷ್ಟು ನೋವು. ಇಷ್ಟಕ್ಕೆ ಎರಡು ದಿನ!

ಗಾಯ ಆಳವಾಗಿದ್ದರಿಂದ ಗಾಯದ ಒಳಗೇ ಕೊಡುವ ಇನ್ನೊಂದು ಔಷಧ ಬೇಕಿತ್ತು. ಅದಕ್ಕೆ ಯಾದಗಿರಿಗೆ ಚೀಟಿ ಬರೆದರು. ಹೊರಗೆ ಬಂದಾಗ ನಮ್ಮ ಮನೆಯವರು ಕಂಬದ ಹತ್ತಿರ ನಿಂತಿದ್ದರು. ಕೆಲಸದ ಮೇಲಿಂದ ಹಾಗೇ ಬಂದಿದ್ದರು, ಕಾಲಿಗೆ ಕಾಲುವೆಯ ಕೆಸರು. ನನ್ನ ಚೀಲ ತೆಗೆದುಕೊಂಡು ನನ್ನ ಜೊತೆ ಯಾದಗಿರಿ ಬಸ್ಸು ಹತ್ತಿದರು.

ಯಾದಗಿರಿಯಲ್ಲಿ ಗಾಯದ ಸುತ್ತ, ಗಾಯದ ಒಳಗೆ ಚುಚ್ಚಿದರು. ಅದು ಇರುವೆ ಕಡಿತವಲ್ಲ. ಹಲ್ಲು ಇಳಿದ ಜಾಗಕ್ಕೇ ಸೂಜಿ ಇಳಿಯುವಾಗ ನಾನು ಮಂಚದ ಕಬ್ಬಿಣ ಹಿಡಿದು ಕೂಗಿಕೊಂಡೆ. ಆಗ ಗಂಡ, ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ ಒಂದು ಮಾತಾಡಿದರು. "ಇನ್ನ ಯಾರರ ಬ್ಯಾಡ ಅಂದ್ರ ನಾ ಮಾತಾಡತೀನಿ. ನೀ ಸುಮ್ನ ಇರು." ನೋವಿನಲ್ಲೂ ನನಗೆ ನಗು ಬಂತು. ಎರಡು ದಿನ ಮೊದಲೇ ಅಂದಿದ್ದರೆ?

ಮನೆಗೆ ಬಂದಾಗ ಅವರು ನಿಜವಾಗಿಯೂ ಮಾತಾಡಿದರು. "ಮಾಡಿಸೀವಿ ಯವ್ವ. ಇನ್ನೂ ಮೂರು ಸಲ ಹೋಗೂದದ." ಅತ್ತೆ ಬೈಯಲಿಲ್ಲ, ಅಳಲಿಲ್ಲ. ಒಲೆಯ ಮುಂದೆ ಕೂತುಬಿಟ್ಟರು. ಮರುದಿನದಿಂದ ಗಂಟೆಗೊಮ್ಮೆ ಬಂದು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು, ಕೂಸು ಹೊರಳಿದರೆ ಎದ್ದು ಹೋಗುವರು. ನನ್ನ ಜೊತೆ ಮಾತಿಲ್ಲ, ಕೂಸಿನ ಜೊತೆ ಮಾತ್ರ ವ್ಯವಹಾರ.

ಭಾನುವಾರ ಎರಡನೆಯ ಸೂಜಿ. ಬೆಳಿಗ್ಗೆಯೇ ಹೋಗಿ ಮಾಡಿಸಿಕೊಂಡು ಬಂದೆ. ಮಧ್ಯಾಹ್ನ ಮೈ ಬೆಚ್ಚಗಾಯಿತು. ಊಟ ಮಾಡಿ ಮಲಗಿದೆ. ಕೂಸು ಹೊರಳಲಿಲ್ಲ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಇಲ್ಲ. ಅತ್ತೆ ಬಂದು ಕೈ ಇಟ್ಟರು. ಇಟ್ಟ ಕೈ ತೆಗೆಯಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಏನು ಮಾಡಿಕೊಂಡೆ, ಯಾರ ಮಾತು ಕೇಳಬಾರದಿತ್ತು, ಯಾರ ಮಾತು ಕೇಳಬೇಕಿತ್ತು, ತಲೆಯಲ್ಲಿ ಗಿರಣಿ ತಿರುಗುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ಹೋಯಿತು. ಅತ್ತೆ ಒಂದು ತುಂಡು ಬೆಲ್ಲ ತಂದು ನನ್ನ ಬಾಯಿಗೆ ಇಟ್ಟರು, ನೀರು ಕುಡಿಸಿದರು, ಮತ್ತೆ ಕೈ ಇಟ್ಟು ಕೂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎಂಥದೊಂದು ಒದೆ ಬಂತೆಂದರೆ ಅತ್ತೆಯ ಬಳೆ ಸದ್ದು ಮಾಡಿತು.

"ಮಲಗಿತ್ತು ಮುಂಡೇದು," ಎಂದು ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮೂರು ದಿನದ ಮೇಲೆ ನನ್ನ ಎದುರು ಆಡಿದ ಮೊದಲ ಮಾತು ಅದು.

ಅದೇ ಸಂಜೆ ಮಾವ ಹೊತ್ತಿಗೆ ಮುಂಚೆಯೇ ಕುರಿ ಹೊಡೆದುಕೊಂಡು ಬಂದರು. ಕಂಬಳಿಯನ್ನು ಗೂಟಕ್ಕೆ ಹಾಕಲೂ ಇಲ್ಲ. ಕಾಲುವೆಯ ದಂಡೆಯಲ್ಲಿ ಹೊಸ ಮಣ್ಣು ಕಂಡಿತ್ತಂತೆ. ಕುರಿ ಕಾಯುವವರಿಗೆ ಹೊಸ ಮಣ್ಣು ಕಂಡರೆ ಸುಮ್ಮನೆ ಬರಲಾಗುವುದಿಲ್ಲ. ಶರಣಪ್ಪನನ್ನು ಹೊಲದಲ್ಲಿ ಹಿಡಿದು ಕೇಳಿದರಂತೆ. ಟೈಗರ್ ಬುಧವಾರ ಬೆಳಿಗ್ಗೆಯೇ ಸತ್ತಿತ್ತು. ಬಾಯಲ್ಲಿ ಜೊಲ್ಲು, ಹಿಂಗಾಲು ಎಳೆಯುತ್ತಿತ್ತು. ಊರವರು ಬೈಯುತ್ತಾರೆ, ನಾನು ದೂರು ಕೊಡುತ್ತೇನೆ ಎಂದು ಹೆದರಿ ಹೂತಿದ್ದರು. ರೊಟ್ಟಿ ತಿನ್ನುತ್ತಿದೆ ಎಂದು ಲಕ್ಷ್ಮವ್ವ ನನಗೆ ಹೇಳಿದಾಗ ಅದು ಮಣ್ಣೊಳಗಿತ್ತು.

ಅತ್ತೆ ಗೋಡೆ ಹಿಡಿದು ಕೂತರು.

ಮಾವ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಮೂರು ಕುರಿ ಕಂದ ಹಾಕಿದ್ದು ಖರೆ ಅದವ್ವ. ನಾ ಸುಳ್ಳು ಹೇಳಿಲ್ಲ. ಆದ್ರ ಹುಚ್ಚುನಾಯಿ ಕಡದ ಕುರಿ ಒಂದೂ ಉಳಿದಿಲ್ಲ. ಅದನ್ನ ಅವತ್ತು ಹೇಳಲಿಲ್ಲ ನಾ. ಹೇಳಬೇಕಾಗಿತ್ತು." ಅಷ್ಟು ಹೇಳಿ ಎದ್ದು ಹಟ್ಟಿಯ ಕಡೆ ಹೋದರು. ಅತ್ತೆಯ ಕಡೆ ತಿರುಗಿ, "ಮುಂದಿನ ಸಲ ನೀ ಕರಕೊಂಡು ಹೋಗು," ಎಂದರು.

ಮುಂದಿನ ಗುರುವಾರ ಅತ್ತೆಯೇ ನನ್ನ ಕೈ ಹಿಡಿದು ಬಸ್ಸು ಹತ್ತಿದರು. ಅದೇ ಬಸ್ಸಿಗೆ ಲಕ್ಷ್ಮವ್ವ, ಶರಣಪ್ಪನೂ ಹತ್ತಿದರು. ಸಾಯುವ ನಾಯಿಗೆ ಬಾಯಿ ಬಿಡಿಸಿ ನೀರು ಹಾಕಲು ಹೋಗಿ ಇಬ್ಬರ ಕೈಗೂ ಜೊಲ್ಲು ತಾಗಿತ್ತಂತೆ, ಶರಣಪ್ಪನ ಬೆರಳಿಗೆ ಗೀರಾಗಿತ್ತಂತೆ. ಫಾತಿಮಾ ಭಾನುವಾರದಿಂದ ಅವರ ಬೆನ್ನು ಹತ್ತಿ, ಬೈದು, ಹೆದರಿಸಿ ಹೊರಡಿಸಿದ್ದಳು. ದವಾಖಾನೆಯ ಬೆಂಚಿನ ಮೇಲೆ ಲಕ್ಷ್ಮವ್ವ ಸರಿದು ಸರಿದು ನನ್ನ ಪಕ್ಕಕ್ಕೇ ಬಂದು ಕೂತಳು. ನಾನು ಆಡಬೇಕೆಂದು ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದೆ. ಅವಳು ನನ್ನ ಸೆರಗು ಹಿಡಿದು ಕೇಳಿದಳು: "ಟೀಚರ್, ಭಾಳ ನೋಯತದೇನ್ರಿ?"

ಏನು ಮಾಡುವುದು ಇಂಥವರನ್ನು? ನನ್ನ ಜೀವದ ಮೇಲೆ ಮಣ್ಣು ಮುಚ್ಚಿ, ಈಗ ಸೂಜಿ ನೋಯುತ್ತದೆಯೇ ಎಂದು ನನ್ನನ್ನೇ ಕೇಳುತ್ತಾಳೆ. ಕಟ್ಟಿಟ್ಟ ಮಾತೆಲ್ಲ ಗಂಟಲಿನವರೆಗೆ ಬಂತು. ಆದರೆ ಅವಳ ಕೈ ನಡುಗುತ್ತಿತ್ತು. ಮಂಗಳವಾರ ಅತ್ತೆಯ ಕೈ ನಡುಗಿದ ಹಾಗೆಯೇ.

"ಇರುವೆ ಕಡದಂಗ," ಎಂದೆ. "ಆದ್ರ ಇನ್ನೊಮ್ಮೆ ಸುಳ್ಳು ಹೇಳಿದ್ರ ನಾನೇ ಕಡಿತೀನಿ."

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಇಪ್ಪತ್ತೆಂಟನೆಯ ದಿನದ ಸೂಜಿಯೂ ಆಯಿತು. ಸೂಜಿ ಮುಗಿದರೂ ಹೆದರಿಕೆ ಮುಗಿಯಲಿಲ್ಲ ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ, ಅದಕ್ಕೇ ನಾನು ಇಲ್ಲಿ ಹೇಳುತ್ತಿದ್ದೇನೆ. ನೀರು ಕುಡಿಯುವಾಗ ಗಂಟಲು ಸ್ವಲ್ಪ ಹಿಡಿದರೂ ಎದೆ ಧಸಕ್ಕೆನ್ನುತ್ತಿತ್ತು. ಎಡಗಾಲಿಗೆ ಜೋಮು ಹಿಡಿದರೆ ಮುಗಿಯಿತು, ಅವತ್ತು ಊಟವಿಲ್ಲ. ಹಾಗೆ ಆಗುವುದು ನಿಮ್ಮೊಬ್ಬರಿಗೇ ಅಲ್ಲ. ಅದು ನಿಧಾನಕ್ಕೆ ಕಡಿಮೆಯಾಗುತ್ತದೆ. ನನಗೆ ಎರಡು ತಿಂಗಳು ಹಿಡಿಯಿತು.

ದೇವಮ್ಮನ ಮನೆಗೂ ಹೋಗಿ ಬಂದೆ. ನನ್ನ ಎರಡೂ ರಟ್ಟೆ ತೋರಿಸಿದೆ. ಏನೂ ಆಗಂಗಿಲ್ಲ ಎನ್ನಲಿಲ್ಲ. "ನಾ ಹೆದರಿದ್ದೆ. ಹೆದರಿಕೊಂಡೇ ಮಾಡಿಸ್ಕೊಂಡೆ," ಎಂದೆ. ಅವಳು ಕೂಸನ್ನು ಮುಂದಿನ ಗುರುವಾರ ಕರೆತಂದಳು. ಎದ್ದು ಹೋದ ಇನ್ನಿಬ್ಬರಲ್ಲಿ ಒಬ್ಬಳು ಇವತ್ತಿಗೂ ಬಂದಿಲ್ಲ. ಅವಳ ಮನೆಯ ಹೊಸ್ತಿಲು ಸವೆಸುತ್ತಲೇ ಇದ್ದೇನೆ.

ಒಂಬತ್ತು ತುಂಬಿ ಸುರಪುರದ ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಕಪ್ಪಗೆ, ಗುಂಡಗೆ, ಹುಟ್ಟಿದ ಕೂಡಲೇ ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಒಂದೂವರೆ ತಿಂಗಳಿಗೆ ಅದರ ಸೂಜಿಯ ದಿನ ಬಂತು. ನನ್ನದೇ ಅಂಗನವಾಡಿ, ಅದೇ ಸಿಸ್ಟರ್, ಅದೇ ಚಾಪೆ. ಕೂಸಿನ ತೊಡೆಗೆ ಸೂಜಿ ಇಳಿಯುವಾಗ ಅತ್ತೆ ಅತ್ತ ಮುಖ ಮಾಡಿ ಗೋಡೆಯ ಮೇಲಿನ ಅ ಆ ಇ ಈ ನೋಡುತ್ತ ನಿಂತಿದ್ದರು. ನಾನೇ ಹಿಡಿದುಕೊಂಡಿದ್ದೆ. ಇಬ್ಬರೂ ಸೇರಿ ಅತ್ತೆವು, ನಾನೂ ಕೂಸೂ.

ಮಧ್ಯಾಹ್ನಕ್ಕೆ ಅದಕ್ಕೆ ಸ್ವಲ್ಪ ಜ್ವರ. ಸೂಜಿಯಾದ ಮೇಲೆ ಸಣ್ಣ ಜ್ವರ ಬರುತ್ತದೆ, ಹೆದರಬೇಡಿ ಎಂದು ಎಷ್ಟು ತಾಯಂದಿರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಫಾತಿಮಾಗೆ ಫೋನು ಮಾಡಿದೆ. ಜ್ವರ ಬರತದ, ಸಿಸ್ಟರ್ ಕೊಟ್ಟ ಔಷಧ ಹಾಕು ಎಂದಳು. ಹಾಕಿದೆ. ಮತ್ತೆ ಮಾಡಿದೆ. ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ನಿಟ್ಟುಸಿರು ಬಿಟ್ಟಳು. ನಾಲ್ಕನೆಯ ಸಲ ಎತ್ತಿದವಳೇ ಕೂಗಿದಳು:

"ಟೀಚರ್, ಸೂಜಿ ಮಾಡಿದ ಮ್ಯಾಲ ಜ್ವರ ಬರತದ ಅಂತ ಊರಿಗೆಲ್ಲ ಹೇಳಾಕಿ ನೀನ. ಈಗ ಫೋನ್ ಇಡು, ನಿನಗ ನೀನ ಹೇಳ್ಕೊ!"

ಫೋನಿಟ್ಟೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹನ್ನೊಂದು ವರ್ಷದಿಂದ ಹೇಳಿದ ಮಾತುಗಳನ್ನೆಲ್ಲ ಒಂದೊಂದಾಗಿ, ಗಟ್ಟಿಯಾಗಿ ನನಗೇ ಹೇಳಿಕೊಂಡೆ. ಹೆದರಿಕೆ ಹೋಗಲಿಲ್ಲ. ಕೂಸು ಮಾತ್ರ ಕೇಳುತ್ತ ಕೇಳುತ್ತ ನಿದ್ದೆ ಹೋಯಿತು.